ತಿಂಗಳಿಗೆ 500 ರೂಪಾಯಿ ಯಾರಿಗೆ ಕೊಡುವುದು?

ಸಂಬಳ ಕಡಿಮೆಯಾದರೂ ತಿಂಗಳಿಗೆ 500 ರೂಪಾಯಿ ಎತ್ತಿಡುತ್ತೇನೆ, ಯಾರಿಗೆ ಕೊಟ್ಟರೆ ಸರಿ ಅಂತ ಕೇಳಿದ್ದೀರಿ. ಓದಿ ಮನಸ್ಸು ತುಂಬಿ ಬಂತು.

2019ರ ಆಗಸ್ಟ್ ನೆರೆ ಇಳಿದ ಮೇಲೆ ಬೆಳಗಾವಿ ಕಡೆ ಹೋಗಿದ್ದೆ. ಶಾಲೆಯೊಂದರ ಜಗಲಿ ಮೇಲೆ ಹಳೆ ಬಟ್ಟೆಯ ಗಂಟುಗಳು ಒದ್ದೆಯಾಗಿ ಬಿದ್ದಿದ್ದವು. ಯಾರೂ ಬಿಚ್ಚಿರಲಿಲ್ಲ. ಪಕ್ಕದಲ್ಲೇ ಕೂತಿದ್ದ ಅಜ್ಜಿ ಕೇಳಿದ್ದು ಬಿಪಿ ಮಾತ್ರೆ. ಅವತ್ತಿನಿಂದ ನಾನು ಮೊದಲು ಕೇಳುತ್ತೇನೆ, ಆಮೇಲೆ ಕೊಡುತ್ತೇನೆ.

ನನ್ನನ್ನು ಕೇಳಿದರೆ ಥಲಸ್ಸೀಮಿಯಾ, ಅಂದರೆ ಹುಟ್ಟಿನಿಂದಲೇ ಬರುವ ಒಂದು ರಕ್ತದ ಕಾಯಿಲೆ ಇರುವ ಮಕ್ಕಳಿಗೆ ನೆರವಾಗುವ ಸಂಸ್ಥೆ ಹುಡುಕಿ. ತೀವ್ರವಾಗಿದ್ದರೆ ಆ ಮಕ್ಕಳಿಗೆ 2ರಿಂದ 4 ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು. ಜೊತೆಗೆ ಹೀಗೆ ಪದೇ ಪದೇ ರಕ್ತ ಹಾಕಿಸುವುದರಿಂದ ಮೈಯಲ್ಲಿ ಸೇರುವ ಕಬ್ಬಿಣ ಇಳಿಸುವ ಮಾತ್ರೆ ದಿನಾ ಬೇಕು. ಊರಿಗೆ ಎಂಥ ಕಷ್ಟ ಬಂದರೂ ಇದು ನಿಲ್ಲುವಂಥದ್ದಲ್ಲ, ಅಲ್ವಾ? ನೆರೆ, ಬರ ಅಂದರೆ ಜನ ಓಡಿ ಬರುತ್ತಾರೆ. ಇವರ ಕಡೆ ನೋಡುವವರು ಕಡಿಮೆ.

ಕೈ ಖಾಲಿ ಇರುವ ತಿಂಗಳು ರಕ್ತವನ್ನೇ ಕೊಡಿ. ಆರೋಗ್ಯ ಚೆನ್ನಾಗಿದ್ದರೆ ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು.

ದುಡ್ಡು ಕೊಟ್ಟರೆ ರಸೀದಿ ಕೇಳಿ, ಸಂಕೋಚ ಬೇಡ. ಸಾಧ್ಯವಾದರೆ ಒಂದು ಸಲ ಖುದ್ದಾಗಿ ಹೋಗಿ ನೋಡಿ. ಯಾವ ಊರು ಅಂತ ಹೇಳಿ, ಹತ್ತಿರದಲ್ಲಿ ಯಾರಿದ್ದಾರೆ ಅಂತ ವಿಚಾರಿಸುತ್ತೇನೆ.