ತೋಳ ಬೇಡ, ಗುಳ್ಳೆನರಿ ಸಾಕು

ಕಾಸರಗೋಡಿನ ಪೆರ್ಲದ ಓದುಗರೊಬ್ಬರು ಬರೆಯುತ್ತಾರೆ: “ಹತ್ತನೇ ತರಗತಿಯ ಐವರು ಮಕ್ಕಳು ಕಾಡಿನಲ್ಲಿ ಟೆಂಟ್ ಹಾಕಿ ಮೂರು ರಾತ್ರಿ ಕಳೆಯುವ ನನ್ನ ಕಾದಂಬರಿಯ ಆರು ಅಧ್ಯಾಯ ಕಳಿಸಿದ್ದೆ. ‘ಕಾಡು ಕಾಣಿಸಲಿಲ್ಲ’ ಎಂಬ ಷರಾದೊಂದಿಗೆ ವಾಪಸ್ ಬಂತು. ಕೊಲೆಗಾರ ಇದ್ದಾನೆ, ಕತ್ತಲಿದೆ, ಓಟವಿದೆ. ಇನ್ನೇನು ಬೇಕಿತ್ತು?”

ಸಂಪಾದಕರ ಉತ್ತರ: ಎರಡೇ ಮಾತಿನಲ್ಲಿ ಕೈತೊಳೆದುಕೊಂಡದ್ದು ನಮ್ಮ ತಪ್ಪು. ಬಿಡಿಸಿ ಹೇಳುತ್ತೇವೆ. ನಿಮ್ಮ ಮಕ್ಕಳ ಮನೆ ಎಣ್ಮಕಜೆಯಲ್ಲಿದೆ; ಅವರು ಹೋದ ಕಾಡಿನಲ್ಲಿ ಮಾತ್ರ ಪೈನ್ ಮರ, ಸರೋವರ, ಊಳಿಡುವ ತೋಳ. ಅದು ಸಿನಿಮಾದಲ್ಲಿ ನೋಡಿದ ಕಾಡು. ಅಲ್ಲಿ ಯಾವುದು ಯಾವಾಗ ಕೈಕೊಡುತ್ತದೆಂದು ಓದುವವರಿಗೆ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೆ ಅವರು ಹೆದರುವುದೂ ಇಲ್ಲ. ಊಳಿಡಲು ನಮ್ಮ ಗುಳ್ಳೆನರಿ ಸಾಕು.

ಜಾಗ ಮೊದಲು ಗೊತ್ತುಮಾಡಿ. ರಾಣಿಪುರದ ಕಾಡುಗುಡ್ಡೆಯಲ್ಲಿ ಹಗಲು ಟಿಕೆಟ್ ಪಡೆದು ಹತ್ತಿ ಇಳಿಯುವುದು ಕ್ರಮ. ಅಲ್ಲಿ ರಾತ್ರಿ ಉಳಿಸಬೇಕೆಂದರೆ ಅರಣ್ಯ ಇಲಾಖೆಯ ಕಣ್ಣು ತಪ್ಪಿಸುವುದಕ್ಕೇ ಒಂದು ಅಧ್ಯಾಯ ಬೇಕು. ಪೊಸಡಿ ಗುಂಪೆಯಂಥ ಬೋಳುಗುಡ್ಡೆ, ಅದರ ಬುಡದಲ್ಲಿ ಕುರುಚಲು ಕಾಡು, ಇನ್ನೂ ಕೆಳಗೆ ಕಂಗಿನ (ಅಡಿಕೆ) ತೋಟ, ಇಷ್ಟು ನಿಮ್ಮ ಕತೆಗೆ ಧಾರಾಳ.

ಈಗ ನೀರು. ನಡೆಯುವ ಮಕ್ಕಳಿಗೆ ದಿನಕ್ಕೆ ತಲಾ 3 ಲೀಟರ್ ಹಿಡಿದರೂ ಐವರಿಗೆ ಮೂರು ದಿನಕ್ಕೆ 45 ಲೀಟರ್, ಅಂದರೆ 45 ಕಿಲೋ ಹೊರೆ. ನೀವು ಕೊಟ್ಟದ್ದು ಒಬ್ಬೊಬ್ಬರಿಗೆ ಒಂದೊಂದು ಬಾಟಲಿ. ತಿದ್ದಬೇಡಿ, ಅದೇ ಒಳ್ಳೆಯದು. ಡಿಸೆಂಬರಿನಲ್ಲಿ ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡೆಯ ತಲೆಯಲ್ಲಿ ಹನಿ ನೀರಿರುವುದಿಲ್ಲ. ದಿನಾ ತೋಟಕ್ಕಿಳಿದು ಸುರಂಗದ, ಅಂದರೆ ನೀರಿಗಾಗಿ ಗುಡ್ಡೆಯ ಒಳಕ್ಕೆ ಅಡ್ಡಲಾಗಿ ತೋಡಿದ ಬಿಲದ, ನೀರನ್ನೇ ತರಬೇಕು. ಬಾಯಾರು, ಪೈವಳಿಕೆ, ಎಣ್ಮಕಜೆಯ ಕಡೆ ಸುರಂಗಕ್ಕೇನು ಬರ! ಹಾಗೆ ಕತೆಯ ಮುಖ್ಯ ಜಾಗ ಮೊದಲ ದಿನವೇ, ಅನುಮಾನ ಬಾರದಂತೆ, ಕಣ್ಣಿಗೆ ಬೀಳುತ್ತದೆ.

ಆ ಸುರಂಗವನ್ನು ಹತ್ತಿರದಿಂದ ನೋಡಿ. ಅಗಲ ಎರಡು, ಎರಡೂವರೆ ಅಡಿ. ಎತ್ತರ ಒಬ್ಬ ಮನುಷ್ಯ ತಲೆ ತಗ್ಗಿಸಿ ಹೋಗುವಷ್ಟು. ಕಾಲಡಿ ತೆಳ್ಳಗೆ ಹರಿಯುವ ನೀರು ಹೊರಗಿನ ಟ್ಯಾಂಕಿಗೆ ಬೀಳುತ್ತದೆ, ಕನ್ನಡಿಯಷ್ಟು ತಿಳಿ. ಒಳಗೆ ಯಾರಾದರೂ ಕಾಲಿಟ್ಟರೆ ತಳದ ಕೆಸರು ಎದ್ದು ಹೊರಗೆ ಬರುವ ನೀರು ಕದಡುತ್ತದೆ. ಎರಡನೇ ಬೆಳಗ್ಗೆ ಮಕ್ಕಳು ಕೊಡಪಾನ ಹಿಡಿದು ಹೋದಾಗ ನೀರು ಕೆಂಪಾಗಿ ಬರುತ್ತಿರಲಿ. ಯಾರೂ ಏನೂ ಹೇಳುವುದು ಬೇಡ. ಮೂರನೇ ರಾತ್ರಿ ಮಕ್ಕಳೇ ಒಳಗೆ ಅಡಗುತ್ತಾರೆ. ಹೊರಗೆ ನಿಂತವನು ಟ್ಯಾಂಕಿಗೆ ಟಾರ್ಚ್ ಬಿಡುತ್ತಾನೆ. ಓದುಗರಿಗೆ ವಿವರಣೆ ಬೇಕಾಗುವುದಿಲ್ಲ.

ಒಳಗೆ ಒಬ್ಬರನ್ನೊಬ್ಬರು ದಾಟಲು ಜಾಗವಿಲ್ಲ. ಹೊಕ್ಕ ಸಾಲು ಹೊಕ್ಕಂತೆಯೇ ಉಳಿಯುತ್ತದೆ. ಬಾಯಿಯ ಹತ್ತಿರ ಯಾರನ್ನು ನಿಲ್ಲಿಸುತ್ತೀರಿ ಎಂಬುದನ್ನು ಬರೆಯುವ ಮೊದಲೇ ನಿಶ್ಚಯಿಸಿ. ಸುರಂಗ ತೋಡುವವರು ಮೇಣದಬತ್ತಿ ಒಯ್ಯುವುದು ಬೆಳಕಿಗೆ ಮಾತ್ರ ಅಲ್ಲ, ಗಾಳಿಯ ಪರೀಕ್ಷೆಗೂ ಹೌದು. ಆಮ್ಲಜನಕ ಶೇಕಡಾ 21ರಿಂದ 16-17ಕ್ಕೆ ಇಳಿದರೆ ಜ್ವಾಲೆ ಆರುತ್ತದೆ, ಮನುಷ್ಯ ಇನ್ನೂ ಎಚ್ಚರದಲ್ಲಿರುತ್ತಾನೆ. ಆದರೆ ಅಡಗಿದವರು ಬೆಳಕು ಕಾಣಬಾರದೆಂದು ಬತ್ತಿಯನ್ನು ತಾವೇ ಊದಿ ಆರಿಸಬೇಕು. ಆಮೇಲೆ ಗಾಳಿ ಎಷ್ಟು ಉಳಿದಿದೆ ಎಂದು ತಿಳಿಯುವ ದಾರಿಯೇ ಇಲ್ಲ. ನಿಮ್ಮ ಆರು ಅಧ್ಯಾಯಗಳ ಓಟಕ್ಕಿಂತ ಈ ಒಂದು ಊದುವಿಕೆಗೆ ತೂಕ ಹೆಚ್ಚು.

ಓಣಂ ರಜೆಯಲ್ಲಿ ಇದು ನಡೆಯದು. ಮಳೆನೀರು ಗುಡ್ಡೆಯಿಂದ ಇಳಿದು ಟ್ಯಾಂಕನ್ನು ಹೇಗೂ ಕದಡಿರುತ್ತದೆ. ಕ್ರಿಸ್‌ಮಸ್ ರಜೆಯೇ ಇರಲಿ. ಆಗ ಸೂರ್ಯ ಮುಳುಗುವುದು ಸುಮಾರು 6.10ಕ್ಕೆ, 6.35ರ ಹೊತ್ತಿಗೆ ದಾರಿ ಕಾಣಿಸದು. ಮೊದಲ ರಾತ್ರಿ ಹುಣ್ಣಿಮೆ ಮಾಡಿ ಮೂರನೇ ರಾತ್ರಿಗೆ ಅಮಾವಾಸ್ಯೆಯ ಕತ್ತಲು ತಂದಿದ್ದೀರಿ. ಪಂಚಾಂಗ ಒಪ್ಪುವುದಿಲ್ಲ! ಹುಣ್ಣಿಮೆಯ ನಂತರ ಚಂದ್ರ ದಿನಕ್ಕೆ 50 ನಿಮಿಷದಷ್ಟು ತಡವಾಗಿ ಹುಟ್ಟುತ್ತಾನೆ. ಮೂರನೇ ರಾತ್ರಿ ಎಂಟರ ಸುಮಾರಿಗೆ ಬರುತ್ತಾನೆ. ನಿಮಗೆ ಸಿಗುವುದು ಒಂದು ಗಂಟೆ ಚಿಲ್ಲರೆ ಕತ್ತಲು. ಅಷ್ಟರೊಳಗೆ ಮಕ್ಕಳು ಸುರಂಗ ಸೇರಬೇಕು.

ಮೊಬೈಲನ್ನು “ನೆಟ್‌ವರ್ಕ್ ಇರಲಿಲ್ಲ” ಎಂದು ಮುಗಿಸಿದ್ದು ಸೋಮಾರಿತನ. ಕಣಿವೆಯಲ್ಲಿ ಸಿಗದ ಸಿಗ್ನಲ್ ಗುಡ್ಡೆಯ ತಲೆಯಲ್ಲಿ ಸಿಗಲಿ. ಅಲ್ಲಿ ಮರೆಯಾಗಲು ಒಂದು ಗಿಡವಿರುವುದಿಲ್ಲ, ಸ್ಕ್ರೀನಿನ ಬೆಳಕು ದೂರಕ್ಕೆ ಕಾಣುತ್ತದೆ.

ಹಾವಿನ ಅಧ್ಯಾಯವನ್ನು ಪೂರ್ತಿ ಹರಿದು ಹಾಕಿ. ಬ್ಲೇಡಿನಲ್ಲಿ ಕೊಯ್ದು ವಿಷ ಹೀರುವುದನ್ನು ನಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕುವುದಿಲ್ಲ. ಓದುವವರು ಹದಿನೈದು ವರ್ಷದವರು, ನಂಬಿಬಿಡುತ್ತಾರೆ. ಹಗ್ಗ ಬಿಗಿಯುವುದೂ ಬೇಡ. ಉಂಗುರ, ವಾಚು ಕಳಚಿ, ಕಚ್ಚಿದ ಕೈಕಾಲು ಅಲುಗದಂತೆ ಕೋಲು ಕಟ್ಟಿ, ನಡೆಸದೆ ಹೊತ್ತು ಆಂಟಿವೆನಂ ಇರುವ ಆಸ್ಪತ್ರೆಗೆ ಒಯ್ಯಬೇಕು. ಹಾವು ಬೇಕೇ ಬೇಕೆಂದಿದ್ದರೆ ನಾಗರಹಾವಿನ ಹೆಡೆ ಬಿಟ್ಟು ಕಟ್ಟುಹಾವನ್ನು ತನ್ನಿ. ನೆಲದಲ್ಲಿ ಮಲಗಿದವರನ್ನು ಅದು ರಾತ್ರಿ ಕಚ್ಚುತ್ತದೆ. ಎಷ್ಟೋ ಸಲ ನೋವಿಲ್ಲ, ಊತವಿಲ್ಲ, ಗುರುತೂ ಕಾಣಿಸದು. ಬೆಳಗ್ಗೆ ಹುಡುಗ ಹೊಟ್ಟೆನೋವು ಅನ್ನುತ್ತಾನೆ. ಉಳಿದವರು ನಿನ್ನೆಯ ಮೊಟ್ಟೆಯನ್ನು ಬೈಯುತ್ತಾರೆ. ಅವನ ರೆಪ್ಪೆ ಜೋಲುತ್ತಿರುವುದನ್ನು ಒಬ್ಬಳು ಮಾತ್ರ ನೋಡುತ್ತಾಳೆ.

ಕೊನೆಯದಾಗಿ ಮಾತು. ಓಡುವಾಗಲೂ ನಿಮ್ಮ ಮಕ್ಕಳು ಪಠ್ಯಪುಸ್ತಕದ ಕನ್ನಡ ಆಡುತ್ತಾರೆ. ನಮ್ಮ ಕಡೆಯ ಐವರು ಸೇರಿದರೆ ಕನ್ನಡ, ತುಳು, ಮಲಯಾಳ ಮೂರೂ ಓಡಾಡುತ್ತವೆ. ಬೆನ್ನಟ್ಟಿದವನು ಅಲ್ಲಿಯವರೆಗೆ ಮಲಯಾಳ ಮಾತ್ರ ಆಡಿರಲಿ. ಸುರಂಗದೊಳಗೆ ಮಕ್ಕಳು ಧೈರ್ಯವಾಗಿ ತುಳುವಿನಲ್ಲಿ ಪಿಸುಗುಡಲಿ. ಆಗ ಬಾಯಿಯ ಕಡೆಯಿಂದ, ನಿಧಾನಕ್ಕೆ: “ಪಿದಾಯಿ ಬಲೆ.” ತುಳುವಿನಲ್ಲೇ, ‘ಹೊರಗೆ ಬನ್ನಿ’ ಎಂದು.

ಆ ಅಧ್ಯಾಯವನ್ನು ಮೊದಲು ಬರೆದು ಕಳಿಸಿ, ಉಳಿದವು ಆಮೇಲೆ ಬರಲಿ.