ಗುಮ್ಮಟ ಮತ್ತು ಜಾಲಿ ಇರುವ ಕಟ್ಟಡದ ಮಾಡೆಲ್ ಅನ್ನು ಹಗಲ ಬೆಳಕಿನ ಸಿಮ್ಯುಲೇಷನ್‌ಗೆ ಹೇಗೆ ಸಿದ್ಧಪಡಿಸುವುದು?

ನೀವು ಕೇಳಿರುವುದರ ಸಾರ ಇಷ್ಟು: ಬೀದರ್‌ನಲ್ಲಿ ಕಾಲೇಜೊಂದಕ್ಕೆ ಎರಡು ಅಂತಸ್ತಿನ ಗ್ರಂಥಾಲಯ. ನಡುವೆ ಗುಮ್ಮಟ, ದಕ್ಷಿಣಕ್ಕೂ ಪಶ್ಚಿಮಕ್ಕೂ ಕಲ್ಲಿನ ಜಾಲಿ, ಅಂದರೆ ತೂತು ಕೊರೆದ ಪರದೆ. ವಿನ್ಯಾಸದವರು ಕಳಿಸಿದ ಮಾಡೆಲ್‌ನಲ್ಲಿ ಮೇಲ್ಮೈಗಳನ್ನು ಕಟ್ಟುವ 14 ಲಕ್ಷ ತ್ರಿಕೋನಗಳಿವೆ. ಒಂದು ಸಲ ತಂತ್ರಾಂಶ ನಡುವೆಯೇ ನಿಂತುಹೋಯಿತು. ಇನ್ನೊಂದು ಸಲ ಎರಡು ದಿನ ಓಡಿ, ಕಿಟಕಿಯೇ ಇಲ್ಲದ ಮೂಲೆಯಲ್ಲಿ 600 ಲಕ್ಸ್ (ಬೆಳಕಿನ ಅಳತೆ) ತೋರಿಸಿತು. ಈ ಮಾಡೆಲ್ ಅನ್ನು ಶುಚಿ ಮಾಡುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ.

ಶುಚಿ ಮಾಡಲು ಹೋಗಬೇಡಿ. ಬೆಳಕಿನ ಲೆಕ್ಕಕ್ಕೆಂದೇ ಹೊಸದೊಂದು ಮಾಡೆಲ್ ಬರೆಯಿರಿ. ಕಾಳಿಗಿಂತ ಕಸವೇ ಹೆಚ್ಚಿರುವ ಚೀಲವನ್ನು ಮೊರದಲ್ಲಿ ಕೇರುತ್ತ ಕುಳಿತರೆ ಏನಾಗುತ್ತದೆ ಎಂದು ತೊಗರಿ ಬೆಳೆಯುವ ನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಎಷ್ಟು ಕೇರಿದರೂ ಉಣ್ಣುವಾಗ ಒಂದು ಕಲ್ಲು ಹಲ್ಲಿಗೆ ಸಿಕ್ಕೇ ಸಿಗುತ್ತದೆ. ನಾನು ಕಲಬುರಗಿಯಲ್ಲಿ ಕುಳಿತು ಇದೇ ಕೆಲಸ ಮಾಡುವವನು. ಬೇರೆಯವರ ಮಾಡೆಲ್ ಹಸನು ಮಾಡಲು ವಾರಗಟ್ಟಲೆ ಕಳೆದಿದ್ದೇನೆ. ನಿಮ್ಮಂಥ ಗ್ರಂಥಾಲಯವನ್ನು ಹೊಸದಾಗಿ ಬರೆಯಲು ಎರಡು ದಿನ ಸಾಕು.

ಕಾರಣ ಸರಳವಾಗಿದೆ. ವಿನ್ಯಾಸದ ಮಾಡೆಲ್ ಗುತ್ತಿಗೆದಾರನಿಗಾಗಿ ಬರೆದದ್ದು. ಅದರಲ್ಲಿ ಗೋಡೆ ಎಂದರೆ ಹೊರಗಿನ ಗಿಲಾವು, ಇಟ್ಟಿಗೆ, ಒಳಗಿನ ಗಿಲಾವು ಎಂದು ಮೂರು ಪದರ. ಬಾಗಿಲಿಗೆ ಹಿಡಿಕೆ, ಹಿಡಿಕೆಗೆ ಸ್ಕ್ರೂ. ನಿಮ್ಮ 14 ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕುರ್ಚಿಯ ಗಾಲಿ, ಶೌಚಾಲಯದ ನಲ್ಲಿ ಮತ್ತು ಮೆಟ್ಟಿಲಿನ ರೇಲಿಂಗ್ ಇರುತ್ತದೆ ಎಂದು ಪಂದ್ಯ ಕಟ್ಟಲು ಸಿದ್ಧ. ಬೆಳಕಿನ ತಂತ್ರಾಂಶಕ್ಕೆ ಇವುಗಳಲ್ಲಿ ಯಾವುದೂ ಬೇಡ. ಇಂದು ಬಳಕೆಯಲ್ಲಿರುವ ಹನಿಬೀ, ಕ್ಲೈಮೇಟ್‌ಸ್ಟುಡಿಯೊದಂಥ ಸಾಧನಗಳ ಒಳಗೆ ಲೆಕ್ಕ ಮಾಡುವುದು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಗ್ರೆಗ್ ವಾರ್ಡ್ 1980ರ ದಶಕದಲ್ಲಿ ಬರೆಯಲು ತೊಡಗಿದ ರೇಡಿಯನ್ಸ್ ಎಂಬ ತಂತ್ರಾಂಶ ಅಥವಾ ಅದರ ಸಂತಾನ. ಅದು ಕಿರಣವನ್ನು ಹಿಂದುಮುಂದಾಗಿ ಓಡಿಸುತ್ತದೆ: ಮೇಜಿನ ಮಟ್ಟದಲ್ಲಿ ನೀವಿಟ್ಟ ಬಿಂದುವಿನಿಂದ ಸುತ್ತಲೂ ಕಿರಣಗಳನ್ನು ಕಳಿಸಿ, ಅವು ಯಾವ ಮೇಲ್ಮೈಗೆ ತಾಗಿದವು, ಅಲ್ಲಿಂದ ಎತ್ತ ಪುಟಿದವು, ಕೊನೆಗೆ ಆಕಾಶ ಸಿಕ್ಕಿತೇ ಎಂದು ನೋಡುತ್ತದೆ. ಗೋಡೆ, ಬಾಗಿಲು ಎಂಬ ಮಾತು ಅದಕ್ಕೆ ತಿಳಿಯದು. ಅದಕ್ಕೆ ಗೊತ್ತಿರುವುದು ಮೇಲ್ಮೈ ಮತ್ತು ಅದರ ಮೇಲೆ ಬಳಿದ ವಸ್ತು, ಅಷ್ಟೇ.

ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನಾನು ಕಲಿತದ್ದು ನಮ್ಮ ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯಲ್ಲಿ. 1367ರ ಆ ಕಟ್ಟಡಕ್ಕೆ ಬೇರೆ ಮಸೀದಿಗಳಿಗಿರುವಂತೆ ತೆರೆದ ಅಂಗಳವಿಲ್ಲ. ಇಡೀ ಜಾಗದ ಮೇಲೆ ಚಾವಣಿಯಿದೆ. ಒಂದು ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು, ಅರವತ್ತಕ್ಕೂ ಹೆಚ್ಚು ಸಣ್ಣವು. ಬದಿಯ ಕಮಾನುಗಳಿಂದ ಒಳಬರುವ ಬೆಳಕು ಸಾಲುಸಾಲಾಗಿ ಮಂದವಾಗುತ್ತ ಹೋಗುತ್ತದೆ. ಹುಮ್ಮಸ್ಸಿನಿಂದ ಮೊದಲ ಸಲ ಪ್ರತಿ ಗುಮ್ಮಟಕ್ಕೂ ಸಾವಿರಾರು ತ್ರಿಕೋನಗಳನ್ನು ಹೆಣೆದ ನುಣುಪಾದ ಮೆಶ್ ಕೊಟ್ಟಿದ್ದೆ, ಬದಿಯ ಕಮಾನುಗಳನ್ನು ಮಾತ್ರ ಕಾಗದದಂತೆ ತೆಳ್ಳಗೆ ಬರೆದಿದ್ದೆ. ಲಕ್ಸ್‌ಮೀಟರ್ ಹಿಡಿದು ಹೋಗಿ ನೋಡಿದರೆ ಒಳಸಾಲುಗಳಲ್ಲಿ ನನ್ನ ಲೆಕ್ಕವೇ ಬಹಳ ಮೇಲಿತ್ತು. ಗುಮ್ಮಟಗಳನ್ನು ಹದಿನಾರು ಮೂಲೆಯ ಒರಟು ಆಕಾರಕ್ಕೆ ಇಳಿಸಿದೆ. ಲೆಕ್ಕದಲ್ಲಿ ಆದ ಬದಲಾವಣೆ ಒಂದು ಮೋಡದ ತುಣುಕು ಹಾದುಹೋದಾಗ ಮೀಟರ್ ಅಲುಗುವುದಕ್ಕಿಂತ ಕಡಿಮೆ. ಕಮಾನಿಗೆ ಅದರ ನಿಜವಾದ ದಪ್ಪ ಕೊಟ್ಟೆ. ಒಳಸಾಲಿನ ಸಂಖ್ಯೆಗಳು ದೊಪ್ಪನೆ ಇಳಿದು ಮೀಟರಿನ ಹತ್ತಿರ ಬಂದವು.

ಸುಣ್ಣ ಬಳಿದ ಗುಮ್ಮಟ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಅದರ ನುಣುಪು ಕಣ್ಣಿಗೆ ಮುಖ್ಯ, ಲೆಕ್ಕಕ್ಕಲ್ಲ. ಲೆಕ್ಕಕ್ಕೆ ಬೇಕಾದದ್ದು ಅದರ ಬಣ್ಣ. ಬೆಳಕು ಒಳಬರುವ ಬಾಯಿಯ ಹತ್ತಿರ ಮಾತ್ರ ಒಂದೊಂದು ಅಂಗುಲವನ್ನೂ ಬಿಡಬೇಡಿ. ಗೋಡೆಯ ದಪ್ಪ, ಕಿಟಕಿಯ ಕೆಳಗಟ್ಟೆ, ಚೌಕಟ್ಟಿನ ಅಗಲ, ಮೇಲಿನ ಸಜ್ಜಾ, ಕಿಟಕಿಯೆದುರಿನ ನೆಲ, ಎದುರು ಕಟ್ಟಡದ ಗೋಡೆ ಇವೆಲ್ಲ ಇರಲಿ. ಪುಸ್ತಕದ ಕಪಾಟುಗಳು ಆಳೆತ್ತರ ಇರುವುದರಿಂದ ಅವೂ ಇರಲಿ, ಆದರೆ ಬರೀ ಪೆಟ್ಟಿಗೆಗಳಾಗಿ. ಕುರ್ಚಿ ಬೇಡ.

ಈಗ ಜಾಲಿ. ನಿಮ್ಮ ಕಟ್ಟಡದಲ್ಲಿ ನಿಜವಾದ ಕೆಲಸ ಇರುವುದೇ ಇಲ್ಲಿ. ಜಾಲಿಯಲ್ಲಿ ಅರ್ಧ ತೂತು, ಅರ್ಧ ಕಲ್ಲು. ಹಾಗಾದರೆ ಐವತ್ತು ಶೇಕಡಾ ಬೆಳಕು ಬಿಡುವ ಒಂದು ಹಾಳೆ ಇಟ್ಟರಾಯಿತು ಎಂದು ಬಹಳ ಜನ ಮಾಡುತ್ತಾರೆ. ಹಾಗೆ ಮಾಡಿದರೆ ಉತ್ತರ ತಪ್ಪುತ್ತದೆ. ತೂತು 10 ಸೆಂಟಿಮೀಟರ್ ಎತ್ತರ, ಕಲ್ಲು 10 ಸೆಂಟಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ. ಜಾಲಿಗೆ ನೇರ ಎದುರಿನಲ್ಲಿ ಸೂರ್ಯ 45 ಡಿಗ್ರಿಗಿಂತ ಮೇಲಿದ್ದರೆ ಬಿಸಿಲು ತೂತಿನ ಕೆಳದಂಡೆಗೇ ಬಿದ್ದು ಅಲ್ಲಿಯೇ ನಿಲ್ಲುತ್ತದೆ. ಬೀದರ್ ಇರುವುದು ಸುಮಾರು 17.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರಂದು, ಅಂದರೆ ಸೂರ್ಯ ಅತ್ಯಂತ ಕೆಳಗಿರುವ ದಿನವೂ, ನಡುಹಗಲಿನಲ್ಲಿ ಅವನು ಸುಮಾರು 48.6 ಡಿಗ್ರಿ ಎತ್ತರದಲ್ಲಿರುತ್ತಾನೆ. ನಿಮ್ಮ ದಕ್ಷಿಣದ ಜಾಲಿಯಿಂದ ನಡುಹಗಲಿನ ನೇರ ಬಿಸಿಲು ವರ್ಷದ ಯಾವ ದಿನವೂ ಓದುವ ಮೇಜಿಗೆ ಬರುವುದಿಲ್ಲ. ನೀವು ಹಾಳೆ ಇಟ್ಟರೆ ಚಳಿಗಾಲವಿಡೀ ಮೇಜಿನ ಮೇಲೆ ಬಿಸಿಲು ಮಲಗಿರುತ್ತದೆ. ಕಟ್ಟಡಗಳ ಇಂಧನ ಉಳಿತಾಯದ ಸಂಹಿತೆಯಾದ ಇಸಿಬಿಸಿ 2017ರ ಲೆಕ್ಕದಲ್ಲಿ ಉಪಯುಕ್ತ ಬೆಳಕು ಎಂದರೆ 100ರಿಂದ 2000 ಲಕ್ಸ್. ಆ ಸುಳ್ಳು ಬಿಸಿಲು 2000 ದಾಟಿಸಿ, ಚೆನ್ನಾಗಿರುವ ಜಾಗವನ್ನೇ ಅನುತ್ತೀರ್ಣ ಮಾಡುತ್ತದೆ. ಪಶ್ಚಿಮದ್ದು ಬೇರೆ ಕಥೆ. ಸಂಜೆ ನಾಲ್ಕರ ನಂತರ ಸೂರ್ಯ ಇಳಿಯುತ್ತ ಬಂದಾಗ ಅದೇ ಜಾಲಿ ಬಿಸಿಲಿಗೆ ದಾರಿ ಬಿಡುತ್ತದೆ. ಅಲ್ಲಿ ಏನಾಗುತ್ತದೆ ಎಂಬುದೇ ನಿಮ್ಮ ವರದಿ ಹೇಳಬೇಕಾದ ಮುಖ್ಯ ಸಂಗತಿ.

ಆದ್ದರಿಂದ ಜಾಲಿಯನ್ನು ದಪ್ಪದ ಸಮೇತ ಬರೆಯಲೇಬೇಕು. ಭಾರವಾಗುವುದಿಲ್ಲವೇ ಎಂದರೆ, ಒಂದೇ ಫಲಕ ಬರೆಯಿರಿ. ಚೌಕ ತೂತಿಗೆ ಒಳಗಿನ ನಾಲ್ಕು ದಂಡೆಗಳು, ಹಿಂದೆ ಮುಂದೆ ಒಂದೊಂದು ಮುಖ. ಏಳೇಳು ತೂತುಗಳ ಫಲಕಕ್ಕೆ ಒಳದಂಡೆಗಳು 196 ಮಾತ್ರ. ತೂತಿನ ಅಂಚಿಗೆ ಶಿಲ್ಪಿ ಕೊಟ್ಟ ಗುಂಡಗಿನ ತಿರುವು ಬೇಡ. ಆ ಫಲಕವನ್ನು ಪ್ರತ್ಯೇಕವಾಗಿ ಆಕ್ಟ್ರೀ (ರೇಡಿಯನ್ಸ್ ಓದುವ ಜ್ಯಾಮಿತಿಯ ಫೈಲು) ಮಾಡಿಟ್ಟು, ಉಳಿದ ಜಾಗಗಳಲ್ಲಿ ಅದನ್ನೇ ಇನ್‌ಸ್ಟನ್ಸ್ ಆಗಿ, ಅಂದರೆ ಮೂಲವನ್ನೇ ತೋರಿಸುವ ನಕಲಾಗಿ, ಕರೆಯಿರಿ. ಅರವತ್ತು ಫಲಕಗಳಿದ್ದರೂ ಮೆಮೊರಿಯಲ್ಲಿ ಒಂದೇ ಕೂರುತ್ತದೆ. ಮಾಡೆಲ್ ಬರೆಯುವ ತಂತ್ರಾಂಶ ರೈನೊದಲ್ಲಿ ಬ್ಲಾಕ್ (ಮರುಬಳಕೆಯ ತುಂಡು) ಮಾಡಿದ್ದೇನಲ್ಲ ಎಂದು ಸುಮ್ಮನಿರಬೇಡಿ; ಕೆಲವು ಪ್ಲಗಿನ್‌ಗಳು ಹೊರಕಳಿಸುವಾಗ ಬ್ಲಾಕ್‌ಗಳನ್ನೆಲ್ಲ ಒಡೆದು ಹಾಕುತ್ತವೆ. ಹೊರಬಂದ ಫೈಲಿನ ಗಾತ್ರ ನೋಡಿದರೆ ಗುಟ್ಟು ರಟ್ಟಾಗುತ್ತದೆ.

ತೆಳ್ಳಗಿನ ವಸ್ತುಗಳಿಗೆ ಇದರ ತದ್ವಿರುದ್ಧ ನೀತಿ. ನಮ್ಮ ಕಡೆ ಕಿಟಕಿಗೆಲ್ಲ ಕಬ್ಬಿಣದ ಗ್ರಿಲ್ ಇದ್ದೇ ಇರುತ್ತದೆ. 10 ಸೆಂಟಿಮೀಟರಿಗೊಂದರಂತೆ 12 ಮಿಲಿಮೀಟರಿನ ಸರಳು ಎಂದರೆ ಸುಮಾರು 12 ಶೇಕಡಾ ಜಾಗ ಮುಚ್ಚಿದಂತೆ. ಅಷ್ಟನ್ನು ಗಾಜಿನ ಅಂಕಿಯಲ್ಲಿ ಕಳೆದುಬಿಡಿ, ಸರಳು ಬರೆಯಬೇಡಿ.

ಗಾಜಿನ ಬಗ್ಗೆ ಎರಡು ಮಾತು. ವಿನ್ಯಾಸದ ಮಾಡೆಲ್‌ನಲ್ಲಿ ಗಾಜು ಆರು ಮುಖಗಳ ತೆಳು ಪೆಟ್ಟಿಗೆಯಾಗಿರುತ್ತದೆ. ರೇಡಿಯನ್ಸ್‌ನ ಗಾಜಿನ ವಸ್ತು ಒಂದೇ ಹಾಳೆಗೆಂದು ಮಾಡಿದ್ದು. ಪೆಟ್ಟಿಗೆಗೆ ಅದನ್ನು ಬಳಿದರೆ ಬೆಳಕು ಎರಡೆರಡು ಸಲ ಸೋಸಿ ಬರುತ್ತದೆ. ಜೋಡಿ ಗಾಜಿದ್ದರೂ ಒಂದೇ ಮುಖ ಸಾಕು. ಮತ್ತೊಂದು, ಕಂಪನಿಯ ಹಾಳೆಯಲ್ಲಿ ಬರೆದಿರುವ ಬೆಳಕಿನ ಪ್ರಮಾಣವನ್ನು ನೇರವಾಗಿ ತುಂಬಬೇಡಿ. ರೇಡಿಯನ್ಸ್ ಕೇಳುವುದು ಗಾಜಿನ ಒಳಗಿನ ಪಾರಗಮ್ಯತೆಯನ್ನು (ಮೇಲ್ಮೈಯ ಪ್ರತಿಫಲನವನ್ನು ಬಿಟ್ಟು), ಹಾಳೆಯಲ್ಲಿ 0.88 ಇದ್ದರೆ ಇಲ್ಲಿ 0.96 ಬರೆಯಬೇಕು. ಕೆಲವು ಸಾಧನಗಳು ಈ ಪರಿವರ್ತನೆಯನ್ನು ತಾವೇ ಮಾಡಿಕೊಳ್ಳುತ್ತವೆ, ನಿಮ್ಮದು ಮಾಡುತ್ತದೆಯೇ ಎಂದು ನೋಡಿಕೊಳ್ಳಿ.

ಇನ್ನು ನಿಮ್ಮ 600 ಲಕ್ಸ್‌ನ ಮೂಲೆ. ಅದು ಸೋರಿಕೆ. ಗೋಡೆಯ ತಲೆಗೂ ಚಾವಣಿಗೂ ನಡುವೆ ಕೂದಲೆಳೆಯಷ್ಟು ಸಂದು ಇದ್ದರೆ ಪರದೆಯ ಮೇಲೆ ಕಾಣುವುದಿಲ್ಲ, ಕಿರಣಕ್ಕೆ ಕಾಣುತ್ತದೆ. ಅಥವಾ ಮೂರು ಪದರದ ಗೋಡೆಯ ನಡುವಿನ ಟೊಳ್ಳಿನಲ್ಲಿ ಬಿಂದು ಸಿಕ್ಕಿಕೊಂಡು, ಟೊಳ್ಳಿನ ಬಾಯಿ ಮೇಲಕ್ಕೆ ತೆರೆದಿರಬಹುದು. ಹುಡುಕಲು ನಾನು ಮಾಡುವುದು ಕತ್ತಲೆ ಪರೀಕ್ಷೆ: ಎಲ್ಲ ಗಾಜಿಗೂ ಕಪ್ಪು ಅಪಾರದರ್ಶಕ ವಸ್ತು ಬಳಿಯುವುದು, ಜಾಲಿಯ ಹಿಂದೆ ಒಂದು ಕಪ್ಪು ಹಾಳೆ ನಿಲ್ಲಿಸುವುದು, ಪ್ರತಿಫಲನದ ಸುತ್ತು ಕಡಿಮೆ ಇಟ್ಟು ಐದು ನಿಮಿಷ ಓಡಿಸುವುದು. ಪ್ರತಿ ಬಿಂದುವೂ ಸೊನ್ನೆ ತೋರಿಸಬೇಕು. ತೋರಿಸದ ಕಡೆ ತೂತಿದೆ. ಈ ಪರೀಕ್ಷೆ ಮಾಡದೆ ನಾನು ಯಾವ ಮಾಡೆಲ್ ಅನ್ನೂ ರಾತ್ರಿಯಿಡೀ ಓಡಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಎಂದು ಯುಪಿಎಸ್ ಕಾಯುತ್ತ ಕುಳಿತವರಿಗೆ ಇದರ ಬೆಲೆ ಗೊತ್ತು.

ಒಂದೇ ಸಮತಲದಲ್ಲಿ ಎರಡು ಮುಖಗಳು ಬಿದ್ದಿರುವುದನ್ನೂ ನೋಡಿ. ಗೋಡೆಯ ಮುಖದ ಮೇಲೆಯೇ ಬಣ್ಣದ ಪಟ್ಟಿಯ ಮುಖ, ಗೋಡೆಯೊಳಗೆ ಹುದುಗಿದ ಕಂಬದ ಮುಖ. ಕಿರಣಕ್ಕೆ ಯಾವುದು ಮೊದಲು ಸಿಗುತ್ತದೆ ಎಂಬುದಕ್ಕೆ ನೇಮವಿಲ್ಲ. ಚಿತ್ರದಲ್ಲಿ ಚಿಬ್ಬು ಹಿಡಿದಂತೆ ಕಲೆಗಳು ಬರುತ್ತವೆ. ಹೊಸದಾಗಿ ಬರೆದರೆ ಈ ತಂಟೆಯೇ ಇಲ್ಲ.

ಮಾಡೆಲ್ ಎಲ್ಲಿ ಕುಳಿತಿದೆ ಮತ್ತು ಎಷ್ಟು ದೊಡ್ಡದಿದೆ ಎಂಬುದನ್ನು ಯಾರೂ ನೋಡುವುದಿಲ್ಲ. ಸರ್ವೆ ನಕ್ಷೆಯ ಮೇಲೆ ಬರೆದ ಮಾಡೆಲ್ ಯುಟಿಎಂ ನಿರ್ದೇಶಾಂಕದಲ್ಲಿ, ಅಂದರೆ ಭೂಪಟದ ಮೀಟರ್ ಲೆಕ್ಕದಲ್ಲಿ, ಇರುತ್ತದೆ. ನಮ್ಮ ಭಾಗದಲ್ಲಿ ಉತ್ತರ ದಿಕ್ಕಿನ ಅಂಕಿಯೇ (ಸಮಭಾಜಕದಿಂದ ದೂರ) 19 ಲಕ್ಷ ಮೀಟರ್ ದಾಟುತ್ತದೆ. ಅಷ್ಟು ದೊಡ್ಡ ಸಂಖ್ಯೆಯ ಹಿಂದೆ ಮಿಲಿಮೀಟರ್ ಕರಗಿಹೋಗುತ್ತದೆ. ಕಟ್ಟಡದ ಒಂದು ಮೂಲೆಯನ್ನು ಸೊನ್ನೆಗೆ ತನ್ನಿ, ಉತ್ತರ ದಿಕ್ಕನ್ನು ಮಾತ್ರ ಕಳೆದುಕೊಳ್ಳಬೇಡಿ. ಗಾತ್ರದ ವಿಷಯ ಇನ್ನೂ ಸೂಕ್ಷ್ಮ. ಪುಟಿದ ಬೆಳಕನ್ನು ರೇಡಿಯನ್ಸ್ ಎಷ್ಟು ಒತ್ತೊತ್ತಾಗಿ ಅಳೆಯಬಲ್ಲದು ಎಂಬುದು ಇಡೀ ದೃಶ್ಯದ ಗಾತ್ರಕ್ಕೆ ಕಟ್ಟುಬಿದ್ದಿದೆ: ದೃಶ್ಯದ ಅತಿ ದೊಡ್ಡ ಅಳತೆಯನ್ನು ಆ್ಯಂಬಿಯೆಂಟ್ ಅಕ್ಯುರಸಿಯಿಂದ ಗುಣಿಸಿ, ಆ್ಯಂಬಿಯೆಂಟ್ ರೆಸಲ್ಯೂಷನ್‌ನಿಂದ ಭಾಗಿಸಿದರೆ ಅಳೆಯುವ ಬಿಂದುಗಳ ನಡುವಿನ ಕನಿಷ್ಠ ಅಂತರ ಸಿಗುತ್ತದೆ (ಇವೆರಡೂ ರೇಡಿಯನ್ಸ್‌ನ ಸೆಟ್ಟಿಂಗ್‌ಗಳು). ಅವಕ್ಕೆ ಕ್ರಮವಾಗಿ 0.1 ಮತ್ತು 300 ಇಟ್ಟರೆ, 90 ಮೀಟರಿನ ದೃಶ್ಯದಲ್ಲಿ 3 ಸೆಂಟಿಮೀಟರ್. ಚೆನ್ನಾಗಿ ಕಾಣಲಿ ಎಂದು ಮೂರು ಕಿಲೋಮೀಟರ್ ಆಚೆಯ ಗುಡ್ಡವನ್ನೂ ಸೇರಿಸಿದಿರೋ, ಅದೇ ಅಂಕಿಗೆ ಒಂದು ಮೀಟರ್! ಆಗ ನಿಮ್ಮ ಕಿಟಕಿಯ ಕೆಳಗಟ್ಟೆ ಲೆಕ್ಕದಲ್ಲಿ ಇದ್ದೂ ಇಲ್ಲದಂತೆ. ಕಟ್ಟಡದ ಸುತ್ತ ಒಂದಿಷ್ಟು ನೆಲ, ನಿಜವಾಗಿ ನೆರಳು ಬೀಳಿಸುವ ಮರ ಮತ್ತು ಕಟ್ಟಡ ಇದ್ದರೆ ಸಾಕು.

ಬಿಂದುಗಳ ಜಾಲದಲ್ಲಿ ನನಗೇ ಆದ ಪೇಚು ಹೇಳುತ್ತೇನೆ. ಯಾದಗಿರಿಯ ಒಂದು ಶಾಲೆಯ ಕೋಣೆಗಳಿಗೆ ಲೆಕ್ಕ ಮಾಡಿದಾಗ ಎಲ್ಲ ಕೋಣೆಗಳಲ್ಲೂ ಬೆಳಕು ಅಡುಗೆಮನೆಯ ಮಾಡದೊಳಗಿನಷ್ಟು. ಒಂದು ದಿನವೆಲ್ಲ ವಸ್ತುಗಳನ್ನು ತಿದ್ದಿದೆ, ಆಕಾಶವನ್ನು ಬದಲಿಸಿದೆ. ತಪ್ಪಿದ್ದದ್ದು ನೆಲದಲ್ಲಿ. ನೆಲದ ಮುಖ ಮಗುಚಿಬಿದ್ದಿತ್ತು. ಅದರಿಂದ ಹುಟ್ಟಿದ ಬಿಂದುಗಳೆಲ್ಲ ಕೆಳಗೆ ಮುಖ ಮಾಡಿ ನೆಲವನ್ನೇ ನೋಡುತ್ತಿದ್ದವು. ಅಂದಿನಿಂದ ಬಿಂದುವಿನ ದಿಕ್ಕನ್ನು ಬಾಣ ಬಿಡಿಸಿಯೇ ನೋಡುತ್ತೇನೆ. ಮಿಲಿಮೀಟರಿನ ಮಾಡೆಲ್‌ಗೆ ಮೇಜಿನ ಎತ್ತರ 0.8 ಎಂದು ಕೊಟ್ಟು, ನೆಲಕ್ಕಿಂತ ಒಂದು ಮಿಲಿಮೀಟರ್ ಕೂಡ ಮೇಲಿಲ್ಲದ ಜಾಲ ಮಾಡಿದವರನ್ನೂ ಕಂಡಿದ್ದೇನೆ.

ಲೇಯರ್‌ಗಳಿಗೆ ಮಹಡಿಯ ಹೆಸರಿಡಬೇಡಿ, ವಸ್ತುವಿನ ಹೆಸರಿಡಿ: ಸುಣ್ಣದ ಗೋಡೆ, ಶಹಾಬಾದ್ ನೆಲ, ಜಾಲಿಯ ಕಲ್ಲು, ಗಾಜು, ಹೊರನೆಲ. ಸಿದ್ಧ ಅಂಕಿಗಳಾದ ನೆಲಕ್ಕೆ 0.2, ಗೋಡೆಗೆ 0.5, ಚಾವಣಿಗೆ 0.8 ಮೊದಲ ಓಟಕ್ಕೆ ನಡೆಯುತ್ತವೆ. ಆಮೇಲೆ ಅಳೆಯಿರಿ. ಲಕ್ಸ್‌ಮೀಟರ್ ಅನ್ನು ಕಲ್ಲಿನ ಮೇಲಿಟ್ಟು ಬೀಳುವ ಬೆಳಕನ್ನು ಓದಿ, ನಂತರ ಅದನ್ನು ಕಲ್ಲಿನತ್ತ ತಿರುಗಿಸಿ ನಿಮ್ಮ ನೆರಳು ಬೀಳದಂತೆ ಒಂದು ಗೇಣು ಹಿಂದೆ ಸರಿಸಿ ಮತ್ತೆ ಓದಿ; ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಅಂದಾಜು ಪ್ರತಿಫಲನ ಸಿಗುತ್ತದೆ. ಹೊಸದಾಗಿ ಹಾಸಿದ ಶಹಾಬಾದ್ ಕಲ್ಲಿಗೂ ಎಣ್ಣೆ, ಧೂಳು ಕುಡಿದ ಹಳೆಯ ಕಲ್ಲಿಗೂ ಎಷ್ಟು ಅಂತರ ಎಂದು ಒಮ್ಮೆ ನೀವೇ ನೋಡಿ.

ಸೋಮವಾರದಿಂದ ಹೊಸ ಮಾಡೆಲ್ ಶುರು ಮಾಡುವುದಾದರೆ, ಮೊದಲು ಪಶ್ಚಿಮದ ಒಂದೇ ಓದುವ ಕೋಣೆಯನ್ನು ಬರೆದು ಓಡಿಸಿ. ಕತ್ತಲೆ ಪರೀಕ್ಷೆಯ ನಂತರವೂ ಆ ಮೂಲೆಯಲ್ಲಿ ಲಕ್ಸ್ ಕಾಣಿಸಿದರೆ ಗೋಡೆ ಮತ್ತು ಚಾವಣಿ ಸೇರುವ ಜಾಗದ ಸೀಳುನೋಟವನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.