ಮೂರು ಕಲ್ಪನೆಗೆ ಮೂರು ಚಾಟ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಎಐ ಚಾಟ್ ಬಳಸಿ ಕತೆ, ನಾಟಕ, ಹೆಸರುಗಳ ಹಲವು ಕಲ್ಪನೆಗಳನ್ನು ಒಟ್ಟೊಟ್ಟಿಗೆ ಬೆಳೆಸುವ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿವು.

ಪ್ರಶ್ನೆ: ಕಾಲೇಜು ನಾಟಕಕ್ಕೆ ಕೆರೆ ಒತ್ತುವರಿಯ ವಿಷಯ ಆರಿಸಿದ್ದೇವೆ. ಹೊಳೆದಿರುವುದು ಮೂರು ದಾರಿ: ಕೆರೆ ನೀರು ಹಂಚುವ ನೀರುಗಂಟಿ ಕತೆ ಹೇಳುವುದು, ಕೆರೆಯೇ ಮಾತಾಡುವುದು, ಒಂದೇ ಪಂಚಾಯಿತಿ ಸಭೆಯಲ್ಲಿ ಇಡೀ ನಾಟಕ ನಡೆಯುವುದು. ಒಂದೇ ಚಾಟ್‌ನಲ್ಲಿ ಬೆಳೆಸುತ್ತಾ ಹೋದರೆ ಮೂರನೆಯದು ಬರುವಷ್ಟರಲ್ಲಿ ಎಲ್ಲವೂ ಒಂದೇ ನಾಟಕವಾಗಿರುತ್ತದೆ. ಯಾಕೆ ಹೀಗೆ?
— ರಂಗತಂಡದ ವಿದ್ಯಾರ್ಥಿ, ತಿಪಟೂರು

ಉತ್ತರ: ಚಾಟ್ ಉಪಕರಣ ನಿಮ್ಮ ಕೊನೆಯ ಪ್ರಶ್ನೆಯನ್ನಷ್ಟೇ ಓದಿ ಉತ್ತರಿಸುವುದಿಲ್ಲ. ಆ ಚಾಟ್‌ನಲ್ಲಿ ಅಲ್ಲಿಯವರೆಗೆ ನೀವು ಬರೆದದ್ದು, ತಾನು ಬರೆದದ್ದು ಎಲ್ಲವನ್ನೂ ಎದುರಿಗಿಟ್ಟುಕೊಂಡು ಮುಂದಿನ ಪದವನ್ನು ಊಹಿಸುತ್ತದೆ. ನೀರುಗಂಟಿಯ ಕತೆಯ ಹೆಸರುಗಳು, ದನಿ, ಅಂತ್ಯ ಎಲ್ಲ ಕಣ್ಣೆದುರಿಗಿರುವಾಗ ಕೆರೆಯ ಮಾತೂ ಅದೇ ಜಾಡಿಗೆ ಬೀಳುತ್ತದೆ. ‘ಹಿಂದಿನದನ್ನು ಮರೆತುಬಿಡು’ ಎಂದು ಬರೆದರೂ ಆ ಪಠ್ಯ ಅಲ್ಲಿಂದ ಅಳಿಯುವುದಿಲ್ಲ.

ಹಾಗಾಗಿ ಮೊದಲ ಕೆಲಸ ಚಾಟ್‌ನ ಹೊರಗೆ. ಫೋನಿನ ನೋಟ್ಸ್‌ನಲ್ಲಿ 100ರಿಂದ 150 ಪದಗಳ ಒಂದು ಮೂಲ ಟಿಪ್ಪಣಿ ಬರೆದುಕೊಳ್ಳಿ. ನಾಟಕ ಎಷ್ಟು ನಿಮಿಷ, ನಟರು ಎಷ್ಟು ಜನ, ರಂಗದ ಮೇಲೆ ಏನೇನು ಇಡಬಹುದು, ನೋಡುವವರು ಯಾರು, ಏನು ಬೇಡ. ಈ ಕೊನೆಯದನ್ನು ಬಿಡಬೇಡಿ. ‘ಕೊನೆಗೆ ಊರವರೆಲ್ಲ ಕೈಜೋಡಿಸಿ ಕೆರೆ ಉಳಿಸುವ ಅಂತ್ಯ ಬೇಡ’ ಎಂದು ಮೊದಲೇ ಬರೆಯದಿದ್ದರೆ ಮೂರು ಕತೆಗಳೂ ಅಲ್ಲಿಗೇ ಹೋಗಿ ನಿಲ್ಲುವ ಸಂಭವ ಹೆಚ್ಚು. ಎಲ್ಲರೂ ರಾಜಿಯಾಗುವ ಅಂತ್ಯದತ್ತ ಈ ಉಪಕರಣಗಳಿಗೆ ಬಲವಾದ ಒಲವಿದೆ.

ಆಮೇಲೆ ಮೂರು ಹೊಸ ಚಾಟ್ ತೆರೆಯಿರಿ. ಮೂರರಲ್ಲೂ ಅದೇ ಟಿಪ್ಪಣಿ ಅಂಟಿಸಿ, ಕೆಳಗೆ ಒಂದೇ ಒಂದು ಸಾಲು ಬೇರೆಯಾಗಿರಲಿ: ಕತೆ ಹೇಳುವ ದಾರಿ ಯಾವುದು ಎಂಬುದು. ‘ಕೆರೆ-1 ನೀರುಗಂಟಿ’, ‘ಕೆರೆ-2 ಕೆರೆಯ ದನಿ’, ‘ಕೆರೆ-3 ಸಭೆ’ ಎಂದು ಹೆಸರಿಡಿ, ಇಲ್ಲದಿದ್ದರೆ ಎರಡು ದಿನ ಬಿಟ್ಟು ಹುಡುಕುವಾಗ ಸಿಗುವುದಿಲ್ಲ. ಮೂರಕ್ಕೂ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿ. ಮೊದಲು 150 ಪದಗಳ ಕಥಾಹಂದರ. ಆಮೇಲೆ ಅತಿ ಕಷ್ಟದ ದೃಶ್ಯ. ಮೊದಲ ದೃಶ್ಯವನ್ನು ಕೇಳಬೇಡಿ, ಆರಂಭ ಎಲ್ಲ ಕಲ್ಪನೆಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ಕೊನೆಗೆ ಆ ದೃಶ್ಯದ ಹತ್ತು ಸಾಲು ಸಂಭಾಷಣೆ. ಈ ಮೂರು ಸುತ್ತು ಮುಗಿಯುವವರೆಗೆ ಒಂದು ಚಾಟ್‌ನ ಮಾತನ್ನು ಇನ್ನೊಂದಕ್ಕೆ ಒಯ್ಯಬೇಡಿ. ನಡುವೆ ಮೂಲ ಟಿಪ್ಪಣಿ ಬದಲಾದರೆ ಬದಲಾದದ್ದನ್ನು ಮೂರಕ್ಕೂ ಕೊಡಿ.

ಇಷ್ಟು ಮಾಡಿದರೂ ಕತೆಗಳು ಬೆರೆಯುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಮೆಮೊರಿ’ ನೋಡಿ. ಅದು ಚಾಲೂ ಇದ್ದರೆ ಒಂದು ಚಾಟ್‌ನ ವಿವರ ಇನ್ನೊಂದಕ್ಕೆ ಹರಿಯಬಹುದು. ಅದನ್ನು ಆಫ್ ಮಾಡಿ, ಇಲ್ಲವೇ ತಾತ್ಕಾಲಿಕ ಚಾಟ್ ಬಳಸಿ. ತಾತ್ಕಾಲಿಕ ಚಾಟ್ ನಿಮ್ಮ ಪಟ್ಟಿಯಲ್ಲಿ ಉಳಿಯುವುದಿಲ್ಲ, ಮುಚ್ಚುವ ಮೊದಲೇ ನಕಲು ಮಾಡಿಟ್ಟುಕೊಳ್ಳಿ.

ಪ್ರಶ್ನೆ: ಹಳೆಯ ಸಂದೇಶವನ್ನು ತಿದ್ದಿ ಕಳಿಸಿದರೆ ಹೊಸ ಕವಲು ತೆರೆಯುತ್ತದಲ್ಲ, ಬೇರೆ ಚಾಟ್ ಯಾಕೆ ಬೇಕು?
— ಚಿಂತಾಮಣಿ

ಉತ್ತರ: ಎರಡಕ್ಕೂ ಬೇರೆ ಬೇರೆ ಕೆಲಸವಿದೆ. ಚಾಟ್‌ಜಿಪಿಟಿ, ಕ್ಲಾಡ್ ಎಂಬ ಚಾಟ್ ಉಪಕರಣಗಳಲ್ಲಿ ಹಳೆಯ ಸಂದೇಶ ತಿದ್ದಿದರೆ ಅಲ್ಲಿಂದ ಕವಲೊಡೆಯುತ್ತದೆ. ಸಂದೇಶದ ಕೆಳಗಿನ ಪುಟ್ಟ ಬಾಣಗಳಿಂದ ಹಿಂದಿನದಕ್ಕೆ ಮರಳಬಹುದು. ಆದರೆ ಕವಲಿನ ಮೇಲಿರುವುದೆಲ್ಲ ಎರಡಕ್ಕೂ ಸಾಮಾನ್ಯ. ಒಂದೇ ಕತೆಗೆ ಎರಡು ಅಂತ್ಯ ನೋಡಲು ಕವಲು ಸರಿ. ಎರಡು ಬೇರೆ ಕತೆಗಳಿಗೆ ಹೊಸ ಚಾಟೇ ಬೇಕು.

ಪ್ರಶ್ನೆ: ಉಚಿತ ಖಾತೆಯಲ್ಲಿ ಮೂರು ಚಾಟ್ ನಡೆಸಿದರೆ ಮಿತಿ ಬೇಗ ಮುಗಿಯುತ್ತದೆ.
— ಪಾವಗಡ

ಉತ್ತರ: ಒಂದೊಂದು ಕಲ್ಪನೆಯನ್ನು ಒಂದೊಂದು ಉಪಕರಣಕ್ಕೆ ಹಂಚಿ: ಒಂದು ಚಾಟ್‌ಜಿಪಿಟಿಗೆ, ಒಂದು ಜೆಮಿನಿಗೆ, ಒಂದು ಕ್ಲಾಡ್‌ಗೆ. ಆಗ ಭಾಷೆಯ ಸೊಗಸನ್ನು ಹೋಲಿಸಬೇಡಿ, ಅದು ಕಲ್ಪನೆಯದೋ ಉಪಕರಣದ್ದೋ ತಿಳಿಯದು. ಹಂದರವನ್ನಷ್ಟೇ ಹೋಲಿಸಿ.

ಪ್ರಶ್ನೆ: ರೇಷ್ಮೆಗೂಡಿನ ಹಾರ, ಹೂಗುಚ್ಛ ಮಾಡುವ ನಮ್ಮ ಸ್ವಸಹಾಯ ಗುಂಪಿಗೆ ಹೆಸರು ಬೇಕು. ಎಷ್ಟು ಸಲ ಕೇಳಿದರೂ ‘ಸಿರಿ’, ‘ಶ್ರೀ’, ‘ಕಲಾ’ ಸೇರಿದ ಹೆಸರುಗಳೇ ಬರುತ್ತವೆ.
— ಶಿಡ್ಲಘಟ್ಟ

ಉತ್ತರ: ‘ಹೆಸರು ಕೊಡು’ ಎಂದಷ್ಟೇ ಕೇಳಿದರೆ ಎಲ್ಲರಿಗೂ ಮೊದಲು ಹೊಳೆಯುವ ಹೆಸರೇ ಉಪಕರಣಕ್ಕೂ ಮೊದಲು ಹೊಳೆಯುತ್ತದೆ. ‘ಇನ್ನೂ ಹತ್ತು’ ಎಂದರೆ ಅದೇ ಗುಂಪಿನ ತಮ್ಮ ತಂಗಿಯರು ಬರುತ್ತಾರೆ. ಆ ಮೂರು ಪದಗಳ ಜೊತೆ ‘ರೇಷ್ಮೆ’, ‘ಸಿಲ್ಕ್’ ಎರಡನ್ನೂ ನಿಷೇಧಿಸಿ, ನಾಲ್ಕು ಚಾಟ್‌ಗೆ ನಾಲ್ಕು ಬೇರುಗಳನ್ನು ಕೊಡಿ. ಒಂದಕ್ಕೆ ನಿಮ್ಮ ಕಸುಬಿನ ಮಾತು: ಚಂದ್ರಿಕೆ, ಹಿಪ್ಪುನೇರಳೆ, ಬಿಚ್ಚಾಣಿಕೆ. ಇನ್ನೊಂದಕ್ಕೆ ಹಾರ ಹಾಕುವ ಸಂದರ್ಭಗಳು. ಮತ್ತೊಂದಕ್ಕೆ ಊರಿನ ಸುತ್ತಲಿನ ಬೆಟ್ಟ, ಕೆರೆಗಳ ಹೆಸರು, ನೀವೇ ಬರೆದುಕೊಟ್ಟದ್ದು. ನಾಲ್ಕನೆಯದಕ್ಕೆ ಅರ್ಥದ ಹಂಗಿಲ್ಲದ, ಕೂಗಿ ಕರೆಯಲು ಹಗುರಾದ ಶಬ್ದ. ಪ್ರತಿಯೊಂದರಲ್ಲೂ 20 ಕೇಳಿ. ಮೊದಲ ಐದಾರನ್ನು ಅನುಮಾನದಿಂದ ನೋಡಿ, ಸಪ್ಪೆಯವು ಅಲ್ಲೇ ಸೇರಿರುತ್ತವೆ.

ಎರಡು ಕಡೆ ಎಡವುತ್ತೀರಿ. ‘ಮೂರೇ ಅಕ್ಷರ’ ಎಂದರೆ ಉಪಕರಣ ಎಣಿಕೆ ತಪ್ಪಬಹುದು, ಯಾಕೆಂದರೆ ಪಠ್ಯವನ್ನು ಅದು ಅಕ್ಷರಗಳಾಗಿ ಅಲ್ಲ, ಟೋಕನ್ ಎಂಬ ತುಂಡುಗಳಾಗಿ ಓದುತ್ತದೆ. ಹೊಸ ಪದಕ್ಕೆ ಅದು ಕೊಡುವ ಅರ್ಥವನ್ನೂ ನಿಘಂಟು ನೋಡದೆ ನಂಬಬೇಡಿ. ಕೊನೆಗುಳಿದ ಎರಡು ಮೂರು ಹೆಸರುಗಳನ್ನು ಟ್ರೇಡ್‌ಮಾರ್ಕ್ ನೋಂದಣಿಯ ಸಾರ್ವಜನಿಕ ಹುಡುಕಾಟದಲ್ಲಿ ನೀವೇ ಪರಿಶೀಲಿಸಿ. ಅಲ್ಲಿ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದೆ, ಕೃತಕ ಹೂವುಗಳು ಬರುವುದು 26ನೇ ವರ್ಗದಲ್ಲಿ.

ಪ್ರಶ್ನೆ: ಕೆಜಿಎಫ್ ಗಣಿ ಕಾರ್ಮಿಕರ ಮನೆಯೊಂದರ ಕತೆಯನ್ನು ಎರಡು ರೀತಿ ಬರೆದು ನೋಡುತ್ತಿದ್ದೇನೆ. ಎರಡು ಚಾಟ್‌ನಲ್ಲೂ ಇಸವಿ, ವಿವರಗಳು ಹೊಂದುವುದಿಲ್ಲ. ಕನ್ನಡವೂ ಪಠ್ಯಪುಸ್ತಕದಂತಿದೆ. ಇಂಗ್ಲಿಷಿನಲ್ಲಿ ಮಾಡಿ ಅನುವಾದಿಸಲೇ?
— ಬಂಗಾರಪೇಟೆ

ಉತ್ತರ: ಒಂದೊಂದು ಚಾಟೂ ಖಾಲಿ ಜಾಗವನ್ನು ತನ್ನದೇ ಊಹೆಯಿಂದ ತುಂಬುತ್ತದೆ. ಆಮೇಲೆ ಎರಡರಿಂದ ಒಂದೊಂದು ದೃಶ್ಯ ತೆಗೆದು ಜೋಡಿಸಿದರೆ ಕತೆ ಒಡೆಯುತ್ತದೆ. ಅದಕ್ಕೆ ಮೂಲ ಟಿಪ್ಪಣಿಯ ಜೊತೆ ಒಂದು ಸಂಗತಿ ಪಟ್ಟಿಯೂ ಬೇಕು: ಶಿವನಸಮುದ್ರದ ವಿದ್ಯುತ್ ಗಣಿಗೆ ಬಂದದ್ದು 1902ರಲ್ಲಿ, ಚಾಂಪಿಯನ್ ರೀಫ್ ಗಣಿಯ ಆಳ 3 ಕಿ.ಮೀ. ದಾಟಿತ್ತು, ಗಣಿ ಮುಚ್ಚಿದ್ದು 2001ರಲ್ಲಿ, ಕಾರ್ಮಿಕರ ಮನೆಗಳಲ್ಲಿ ತಮಿಳು ಬಹುವಾಗಿತ್ತು. ಕೆಳಗೆ ಬರೆಯಿರಿ: ‘ಪಟ್ಟಿಯಲ್ಲಿಲ್ಲದ ಇಸವಿ, ಸ್ಥಳನಾಮ ಬೇಕಾದಲ್ಲಿ ಖಾಲಿ ಗೆರೆ ಬಿಡು.’ ಆ ಗೆರೆಗಳನ್ನು ತುಂಬುವುದು ನಿಮ್ಮ ಕೆಲಸ.

ಭಾಷೆಯ ಮಾತು. ಹಂದರ, ತಿರುವುಗಳ ಚರ್ಚೆ ಇಂಗ್ಲಿಷಿನಲ್ಲಿ ನಡೆದರೆ ಅಡ್ಡಿಯಿಲ್ಲ, ಲಾಭವೂ ಇದೆ: ಒಂದು ಚಾಟ್ ಎದುರಿಗಿಟ್ಟುಕೊಳ್ಳಬಲ್ಲ ಪಠ್ಯಕ್ಕೆ ಮಿತಿಯಿದೆ, ಅದೇ ಮಾತಿಗೆ ಕನ್ನಡ ಹೆಚ್ಚು ಟೋಕನ್ ಬಳಸುವುದರಿಂದ ಕನ್ನಡದ ಚಾಟ್ ಬೇಗ ತುಂಬಿ, ಮೊದಲ ಮಾತುಗಳು ಹಿಡಿತದಿಂದ ಜಾರುತ್ತವೆ. ಆದರೆ ಸಂಭಾಷಣೆಯನ್ನು ಇಂಗ್ಲಿಷಿನಿಂದ ಇಳಿಸಬೇಡಿ, ಆ ಗಾಯ ಮಾಯುವುದಿಲ್ಲ. ಕನ್ನಡ, ತಮಿಳು, ತೆಲುಗು ಬೆರೆತ ನಿಮ್ಮ ಸೀಮೆಯ ಮಾತನ್ನು ಉಪಕರಣದಿಂದ ಹುಟ್ಟಿಸಲು ಹೋದರೆ ಯಾವ ಊರಿನದೂ ಅಲ್ಲದ ಗ್ರಾಮ್ಯ ಬರುತ್ತದೆ. ನೀವೇ ಬರೆದ ಎಂಟು ಹತ್ತು ಸಾಲು ಮಾತುಕತೆಯನ್ನು ಎರಡು ಚಾಟ್‌ಗೂ ಮಾದರಿಯಾಗಿ ಕೊಡಿ. ಆಗಲೂ ಬಂದದ್ದನ್ನು ಗಟ್ಟಿಯಾಗಿ ಓದಿ ತಿದ್ದಲೇಬೇಕು.

ಪ್ರಶ್ನೆ: ಮೂರು ಕತೆ ಬೆಳೆದವು. ಯಾವುದು ಒಳ್ಳೆಯದೆಂದು ಕೇಳಿದರೆ ಒಮ್ಮೆ ಒಂದು, ಇನ್ನೊಮ್ಮೆ ಇನ್ನೊಂದು ಎನ್ನುತ್ತದೆ. ಮೂರನ್ನೂ ಬೆರೆಸಲೇ?
— ಗೌರಿಬಿದನೂರು

ಉತ್ತರ: ಬೆರೆಸಬೇಡಿ. ‘ಮೂರರ ಒಳ್ಳೆಯ ಅಂಶ ಸೇರಿಸು’ ಎಂದರೆ ಪ್ರತಿ ಕತೆಯ ಮೊನೆಯೂ ಸವೆದು ಸರಾಸರಿ ಉಳಿಯುತ್ತದೆ.

ಕೇಳುವ ಮೊದಲು ನಿಮ್ಮ ಆಯ್ಕೆಯನ್ನು ಕಾಗದದ ಮೇಲೆ ಬರೆದಿಡಿ. ಈ ಉಪಕರಣಗಳ ತೀರ್ಪು ಯಾವುದನ್ನು ಮೊದಲು ಅಂಟಿಸಿದ್ದೀರಿ ಎಂಬುದರ ಮೇಲೂ ವಾಲುತ್ತದೆ. ‘ಇದು ನನಗಿಷ್ಟ’ ಎಂದರೆ ಅದನ್ನೇ ಹೊಗಳುತ್ತದೆ. ಆದ್ದರಿಂದ ಹೊಸ ಚಾಟ್‌ನಲ್ಲಿ ಅ, ಆ, ಇ ಎಂದು ಕೊಡಿ, ಇನ್ನೊಂದು ಹೊಸ ಚಾಟ್‌ನಲ್ಲಿ ಕ್ರಮ ತಿರುಗಿಸಿ ಕೊಡಿ. ‘ಯಾವುದು ಚೆನ್ನ’ ಎನ್ನುವ ಬದಲು ಇಂಥವನ್ನು ಕೇಳಿ: ಯಾವ ದೃಶ್ಯ ತೆಗೆದರೂ ಕತೆಗೆ ಏನೂ ಆಗುವುದಿಲ್ಲ? ಯಾವ ಪಾತ್ರ ಕಾರಣವಿಲ್ಲದೆ ಮನಸ್ಸು ಬದಲಿಸುತ್ತದೆ? ಎರಡೂ ಕಡೆ ಅದೇ ದೋಷ ತೋರಿಸಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಒಂದನ್ನು ಆರಿಸಿದ ಮೇಲೆ ಉಳಿದ ಎರಡರಿಂದ ಒಂದೊಂದೇ ವಸ್ತು ತರಬಹುದು: ಒಂದು ಪಾತ್ರ, ಒಂದು ಸಾಲು, ಒಂದು ಸ್ಥಳ. ಅದನ್ನು ನಿಮ್ಮದೇ ಮಾತಿನಲ್ಲಿ ಬರೆದು, ಆರಿಸಿದ ಕತೆಯ ಹಂದರದ ಜೊತೆ ಹೊಸ ಚಾಟ್‌ಗೆ ಹಾಕಿ. ಹಳೆಯ ಚಾಟ್‌ನಿಂದ ಪುಟಗಟ್ಟಲೆ ಅಂಟಿಸಬೇಡಿ. ಬಿಟ್ಟ ಕತೆಗಳ ಹಂದರ, ಕಷ್ಟದ ದೃಶ್ಯ ಎರಡನ್ನೂ ಪ್ರತ್ಯೇಕ ಕಡತದಲ್ಲಿ ಉಳಿಸಿ, ಬಿಟ್ಟ ಕಾರಣವನ್ನು ಮೇಲೆ ಒಂದು ಸಾಲಿನಲ್ಲಿ ಬರೆದಿಡಿ.